ಸುಳ್ಳು ಹೇಳಿದರೆ ಮುಂದಕ್ಕೆ ಹೋಗದ ವ್ಯಾನು

ಬೆಳಗಿನ ನಾಲ್ಕೂಮುಕ್ಕಾಲು. ಚರ್ಚಿನ ಅಂಗಳದಲ್ಲಿ ವರ್ಲೀನ್ ಟಬ್ಸ್ ವ್ಯಾನಿನ ಗಾಜಿನ ಮೇಲಿನ ಇಬ್ಬನಿಯನ್ನು ಹಳೆಯ ಟವೆಲ್ಲಿನಿಂದ ಒರೆಸುತ್ತಿದ್ದಾರೆ. ಸ್ಕೂಲ್ ಬಸ್ ಓಡಿಸಿ ನಿವೃತ್ತರಾದ ಅವರಿಗೆ ಈಗ ಅರವತ್ತಮೂರು. ಅವರ ಬಗ್ಗೆ ಬರೆಯಲು ನಾನೂ ವ್ಯಾನಿನಲ್ಲಿ ಹೊರಟಿದ್ದೇನೆ. ಇಂದು ಅವರು ಜಾಕ್ಸನ್ ನಗರದ ದೊಡ್ಡ ಆಸ್ಪತ್ರೆಗೆ ಕರೆದೊಯ್ಯುತ್ತಿರುವುದು ಮೀನು ಕಾರ್ಖಾನೆಯಲ್ಲಿ ಕೆಲಸ ಮಾಡುವ ಅರ್ಡೀಲಿಯಾ ಮೋಸ್ ಅವರನ್ನು. ಚರ್ಚಿಗೆ ಬರುವಂತೆ ನೇರಳೆ ಟೋಪಿ, ಲೇಸಿನ ಉಡುಪು ಧರಿಸಿ ಬಂದಿದ್ದಾರೆ.

"ಏನೇ ಇದು? ಮದುವೆಗೆ ಹೊರಟ್ಯಾ?" ಎನ್ನುತ್ತಾರೆ ವರ್ಲೀನ್.

"ಕಾಯಿಲೆ ಅಂತ ಕೊಳಕು ಬಟ್ಟೇಲಿ ಹೋಗ್ಲಾ ಅಕ್ಕ? ನಮ್ಮಮ್ಮ ಗೋರಿಯಿಂದ ಎದ್ದು ಬಂದು ಬಾರಿಸ್ತಾಳೆ."

ಅರ್ಡೀಲಿಯಾಗೆ ಅಂಡಾಶಯದ ಕ್ಯಾನ್ಸರ್. ಊರಿನ ಕ್ಲಿನಿಕ್ಕಿನಲ್ಲಿ ಐದು ತಿಂಗಳು ಗ್ಯಾಸಿನ ಮಾತ್ರೆ ಕೊಟ್ಟರು. ಗಡ್ಡೆ ಕಂಡ ಮೇಲೆ, ಆಪರೇಷನ್ ತಡೆದುಕೊಳ್ಳುವ ಶಕ್ತಿ ಇವರಿಗಿಲ್ಲ, ಕೀಮೋ ಸಾಕು ಎಂದರು. ಗಡ್ಡೆ ತೆಗೆಯಬಲ್ಲ ತಜ್ಞರು ಇರುವುದು ಎರಡು ಗಂಟೆ ದೂರದ ಜಾಕ್ಸನ್ನಿನಲ್ಲಿ. ಅವರೂ ಆಗದೆಂದರೆ ಬೇರೆ ದಾರಿಯಿಲ್ಲ.

ವಾರಕ್ಕೆ ಮೂರು ದಿನ, ಹೋಗಿ ಬರಲು ಇನ್ನೂರ ಮೂವತ್ತು ಮೈಲಿ. ಒಂಬತ್ತು ವರ್ಷದಲ್ಲಿ ವರ್ಲೀನ್ ನಮ್ಮ ಕಪ್ಪು ಜನರ ನೂರಾ ಎಂಬತ್ತು ಹೆಂಗಸರನ್ನು ಹೀಗೆ ಕರೆದೊಯ್ದಿದ್ದಾರೆ. ಶುರುವಾದದ್ದು ತಂಗಿ ಕ್ಲೋಟೀಲ್ ಇದೇ ಕಾಯಿಲೆಯಿಂದ ತೀರಿಕೊಂಡ ಮೇಲೆ. ಊರಿನ ಡಾಕ್ಟರು ಹೇಗಿದ್ದೀರಿ ಎಂದಾಗ ಕ್ಲೋಟೀಲ್, ಚರ್ಚಿನ ಬಾಗಿಲಲ್ಲಿ ಎಲ್ಲರೂ ಹೇಳುವಂತೆ, "ದೇವರ ದಯೆ, ಚೆನ್ನಾಗಿದ್ದೀನಿ" ಎಂದರು. ಡಾಕ್ಟರು ಹಾಗೆಯೇ ಬರೆದುಕೊಂಡು ಮನೆಗೆ ಕಳಿಸಿದರು. ಅದೇ ಡಾಕ್ಟರ ಬಳಿ, ಅದೇ ಕಾಯಿಲೆಯ ಬಿಳಿಯ ಟೀಚರೊಬ್ಬರಿಗೆ ಎರಡು ವಾರದಲ್ಲಿ ಜಾಕ್ಸನ್ನಿನ ತಜ್ಞರ ಬಳಿ ಹೋಗಲು ಚೀಟಿ ಸಿಕ್ಕಿತು.

"ಆಯಮ್ಮನೂ ಚೆನ್ನಾಗಿದ್ದೀನಿ ಅಂತಾನೇ ಅಂದಿದ್ರಂತೆ. ಆದ್ರೂ ಅವ್ರನ್ನ ಇನ್ನೊಂದ್ಸಲ ಕೇಳಿದ್ರು" ಎನ್ನುತ್ತಾರೆ ವರ್ಲೀನ್. "ತಪ್ಪು ನಮ್ಮ ಬಾಯಿದಲ್ಲ. ಆದ್ರೆ ಆ ಡಾಕ್ಟ್ರುಗಳು ಬದಲಾಗೋವರ್ಗೂ ಗಡ್ಡೆ ಕಾಯುತ್ತಾ?"

ಆದ್ದರಿಂದ ವ್ಯಾನಿನಲ್ಲೇ ಅಭ್ಯಾಸ. ಹತ್ತಿ ಹೊಲಗಳ ನಡುವೆ ಬೆಳಕು ಹರಿಯುವಾಗ ವರ್ಲೀನ್ ಡಾಕ್ಟರ ಗತ್ತಿನಲ್ಲಿ ಕೇಳುತ್ತಾರೆ, "ಹೇಗಿದ್ದೀರಿ?"

"ದೇವರ ದಯೆ..."

ವ್ಯಾನು ರಸ್ತೆಯಂಚಿಗೆ ಸರಿದು ನಿಲ್ಲುತ್ತದೆ. ಎಂಜಿನ್ ಬಂದ್.

"ಅಕ್ಕ, ಹೊತ್ತಾಗುತ್ತೆ!"

"ಆಗ್ಲಿ. ನಿಜ ಹೇಳೋವರ್ಗೂ ಇಲ್ಲೇ."

ಅರ್ಡೀಲಿಯಾ ಕಿಟಕಿಯತ್ತ ತಿರುಗುತ್ತಾರೆ. "ಹೊಟ್ಟೆ ಊದಿ ಲಂಗದ ಗುಂಡಿ ಹಾಕಕ್ಕಾಗಲ್ಲ. ಉಂಡದ್ದೆಲ್ಲ ವಾಂತಿ. ಗಂಡಂಗೂ ಹೇಳಿಲ್ಲ."

"ಶಕ್ತಿ ಇಲ್ವಂತಲ್ಲ ನಿಂಗೆ?"

"ಯಾವನವ್ನು ಅಂದೋನು? ಹೋದ ವಾರನೂ ಎಂಟು ಗಂಟೆ ನಿಂತು ಮೀನು ಕೊಯ್ದಿದ್ದೀನಿ!"

"ಇದೇ ಸಿಟ್ಟು ಅಲ್ಲೂ ಇರ್ಲಿ. ಕೊನೆಗೆ ಏನು ಕೇಳ್ಬೇಕು?"

"ಆಪರೇಷನ್ ಬೇಕು ಅಂತ."

ಎಂಜಿನ್ ಶುರುವಾಗುತ್ತದೆ.

ಆಸ್ಪತ್ರೆಯಲ್ಲಿ ವರ್ಲೀನ್ ಅರ್ಡೀಲಿಯಾ ಜೊತೆ ಡಾಕ್ಟರ ಕೋಣೆಗೆ ಹೋಗಿ ಬಾಗಿಲ ಬಳಿಯ ಕುರ್ಚಿಯಲ್ಲಿ ಕೂರುತ್ತಾರೆ. ಅಲ್ಲಿ ಒಂದು ಮಾತೂ ಆಡುವುದಿಲ್ಲ, ಅದು ಅವರ ನಿಯಮ. ನಲವತ್ತು ನಿಮಿಷದ ನಂತರ ಅರ್ಡೀಲಿಯಾ ಹೊರಬಂದು ಗೋಡೆಗೆ ಒರಗಿ, ಅಲ್ಲಿ ಕಾದಿದ್ದ ನನಗೆ ಹೇಳುತ್ತಾರೆ.

"ಮೊದ್ಲು ಬಾಯಿ ತಪ್ಪಿ ಚೆನ್ನಾಗಿದ್ದೀನಿ ಅಂದ್ಬಿಟ್ಟೆ. ಅಕ್ಕ ಕೆಮ್ಮಲೂ ಇಲ್ಲ! ಆಮೇಲೆ ನಾನೇ, ಇಲ್ಲ ಡಾಕ್ಟ್ರೇ, ಅದು ಸುಳ್ಳು ಅಂದೆ. ಆಯಪ್ಪ ಪೆನ್ನು ಕೆಳಗಿಟ್ಟು ಕೂತು ಕೇಳಿದ್ರು." ಕೈಯಲ್ಲಿದ್ದ ಚೀಟಿ ಚಾಚುತ್ತಾರೆ. ಬರುವ ಗುರುವಾರ ಆಪರೇಷನ್.

ವರ್ಲೀನ್ ಚೀಟಿಯನ್ನು ಎರಡು ಸಲ ಓದುತ್ತಾರೆ. ಗೆದ್ದೆವೆಂದು ಹೇಳುವುದಿಲ್ಲ. ಚೀಟಿ ಸಿಕ್ಕಿಯೂ ಉಳಿಯದವರನ್ನು ಅವರು ಕಂಡಿದ್ದಾರೆ. ನಿಮಗೇನು ಆಸೆ ಎಂದು ನಾನು ಕೇಳಿದರೆ ನಗುತ್ತಾರೆ.

"ಆಪರೇಷನ್ ಆದೋರ್ನ ಮನೆಗೆ ಕರ್ಕೊಂಡ್ ಬರುವಾಗ ಹೊಲಿಗೆ ನೋಯುತ್ತೆ ಅಂತ ರಸ್ತೆಯ ಒಂದೊಂದು ಗುಂಡಿಗೂ ನನ್ನ ಬೈತಾರೆ. ಇವ್ಳು ದಾರಿಯುದ್ದಕ್ಕೂ ಬೈಬೇಕು. ಅಷ್ಟೇ."