ಕೆಂಪು ಕೈ ಕೆಳಗ

ದಸರೆ ಮುಗಿದು ಚಳಿ ಬೀಳುವ ಆ ದಿನಗಳಲ್ಲಿ ಬೇವೂರಿನ ನಮ್ಮ ಓಣಿಯ ಕ್ರಿಕೆಟ್ಟಿಗೆ ಎರಡು ಕಾಟಗಳಿದ್ದವು. ಒಂದು, ಬೇಗ ಕವಿಯುವ ಕತ್ತಲು. ಇನ್ನೊಂದು, ತೊಗರಿ. ತೊಗರಿ ಕಾಯಿ ಬಲಿಯಿತೆಂದರೆ ಅರ್ಧ ಟೀಮು ಹೊಲದಲ್ಲಿ, ಉಳಿದರ್ಧದ ಬಾಯಲ್ಲಿ ತೊಗರಿ ಕಾಯಿ. ಉಪ್ಪು ಹಾಕಿ ಕುದಿಸಿದ ಹಸಿ ಕಾಯಿಗಳನ್ನು ಕಿಸೆಯಲ್ಲಿ ತುಂಬಿಕೊಂಡು ಬಂದು, ಫೀಲ್ಡಿಂಗ್ ಮಾಡುತ್ತಲೇ ಹಲ್ಲಿನಿಂದ ಸೀಳಿ ಕಾಳು ತಿನ್ನುತ್ತಿದ್ದೆವು. ಚೆಂಡಿಗೂ ಅದೇ ಉಪ್ಪುನೀರಿನ ವಾಸನೆ. ಎರೆ ಹೊಲದ ಊರುಗಳಲ್ಲಿ ಬೆಳೆದವರಿಗೆ ಅದನ್ನು ನಾನು ಬಿಡಿಸಿ ಹೇಳಬೇಕಿಲ್ಲ.

ನಾನಾಗ ಒಂಬತ್ತನೇ ಇಯತ್ತೆ. ಓಣಿಯಲ್ಲಿ ಬ್ಯಾಟ್ ಹಿಡಿಯುವ ಹುಡುಗಿಯರು ಇಬ್ಬರೇ, ನಾನು ಮತ್ತು ಶಬಾನಾ. ಅವಳು ಎದುರು ಮನೆಯ ಟೇಲರ್ ಚಾಚಾನ ಮಗಳು. ಚೆಂಡು ಒಗೆದರೆ ದೊಡ್ಡ ಹುಡುಗರೂ ಕಾಲು ಹಿಂದೆ ಇಡುತ್ತಿದ್ದರು. ನಮ್ಮ ಪಿಚ್ಚಿನ ಬಲಕ್ಕೆ ಒಬ್ಬ ಸಿಡುಕು ಮುದುಕನ ಮನೆ. ಅವನ ಅಂಗಳಕ್ಕೆ ಬಿದ್ದ ಚೆಂಡು ಮತ್ತೆ ಸಿಗುತ್ತಿರಲಿಲ್ಲ. ಎಡಕ್ಕೆ ಜಾಲಿಕಂಟಿಯ ಬಯಲು. ಎಡಗೈಯವರು ಬೀಸಿದರೆ ಚೆಂಡು ಆ ಅಂಗಳಕ್ಕೇ ಹೋಗುತ್ತಿತ್ತು. ಹೀಗಾಗಿ ಎಡಚರೂ ಸೇರಿ ಎಲ್ಲರೂ ಬಲಗೈಯವರ ಹಾಗೆಯೇ ನಿಲ್ಲಬೇಕೆಂಬುದು ಓಣಿಯ ಕಾನೂನು. ನಾನೂ ಹಾಗೆಯೇ ನಿಲ್ಲುತ್ತಿದ್ದೆ. ಆದರೆ ನನ್ನ ಕೈಗಳು ಮಾತ್ರ ಉಲ್ಟಾ ಇರುತ್ತಿದ್ದವು.

ಬಲಗೈಯವರು ಬ್ಯಾಟ್ ಹಿಡಿಯುವಾಗ ಎಡಗೈ ಮೇಲೆ, ಬಲಗೈ ಕೆಳಗೆ. ನನ್ನದು ಬಲಗೈ ಮೇಲೆ, ಎಡಗೈ ಕೆಳಗೆ. ಇದು ಕ್ರಿಕೆಟ್ಟಿನಿಂದ ಬಂದದ್ದಲ್ಲ, ಕಣದಿಂದ ಬಂದದ್ದು. ನಮ್ಮ ಆಯಿ, ಅಂದರೆ ಅಪ್ಪನ ಅವ್ವ, ಪ್ರತಿ ವರ್ಷ ತೊಗರಿ ಬಡಿಯುವಾಗ ನನ್ನನ್ನು ಎದುರಿಗೆ ನಿಲ್ಲಿಸಿಕೊಳ್ಳುತ್ತಿದ್ದಳು. ಒಣಗಿದ ತೊಗರಿ ಕಟ್ಟಿಗೆಯ ರಾಶಿ ನಡುವೆ, ಆಚೆ ಅವಳು, ಈಚೆ ನಾನು. ಅವಳದೊಂದು ಏಟು, ನನ್ನದೊಂದು ಏಟು. ಅವಳು ಬಲಗೈ ಕೆಳಗಿಟ್ಟು ಬಲ ಹೆಗಲಿನಿಂದ ಬಡಿಗೆ ಎತ್ತುತ್ತಿದ್ದಳು. ಕೈಗೆ ಬಡಿಗೆ ಬಂದ ಪುಟ್ಟ ವಯಸ್ಸಿನಿಂದಲೂ ನಾನು ಅವಳನ್ನೇ ನೋಡಿ, ಕನ್ನಡಿಯೊಳಗಿನ ಬಿಂಬದ ಹಾಗೆ ಎಡಗೈ ಕೆಳಗಿಟ್ಟು ಎಡ ಹೆಗಲಿನಿಂದ ಎತ್ತುವುದನ್ನು ಕಲಿತೆ. ಎರಡೂ ಬಡಿಗೆ ಒಂದೇ ದಿಕ್ಕಿನಿಂದ ಬರುತ್ತಿದ್ದುದರಿಂದ ಒಂದಕ್ಕೊಂದು ತಾಗುತ್ತಿರಲಿಲ್ಲ. ಆಯಿಗೆ ಅದು ಭಾರಿ ಹೆಮ್ಮೆಯ ವಿಷಯ. “ನನ್ನ ಜೋಡಿ ನೋಡ್ರಿ” ಎಂದು ಹಾದಿಯಲ್ಲಿ ಹೋಗುವವರನ್ನೆಲ್ಲ ಕರೆದು ತೋರಿಸುತ್ತಿದ್ದಳು.

ಹಾಗಾಗಿ ಕೈ ಕಣದ್ದು, ಕಾಲು ಓಣಿಯದ್ದು. ಎರಡೂ ಕೂಡಿ ಒಂದು ವಿಚಿತ್ರ ಹೊಡೆತ ಹುಟ್ಟಿತ್ತು. ಬ್ಯಾಟನ್ನು ತಲೆಯ ಮೇಲಿಂದ ತಂದು ಚೆಂಡಿನ ನೆತ್ತಿಗೆ ಬಡಿಯುವುದು. ಚೆಂಡು ನೆಲಕ್ಕಪ್ಪಳಿಸಿ ಎಲ್ಲರ ತಲೆ ಮೇಲೆ ಹಾರಿ ಜಾಲಿಕಂಟಿಯಲ್ಲಿ ಬೀಳುತ್ತಿತ್ತು. ಅದಕ್ಕೆ ಓಣಿಯವರಿಟ್ಟ ಹೆಸರು ತೊಗರಿ ಶಾಟ್. ಆ ಊರಲ್ಲಿ ನನಗೆ ಹೆಸರು ಅಂತ ಇದ್ದದ್ದು ಅದೊಂದರಿಂದಲೇ.

ಆ ವರ್ಷ ನಮ್ಮ ಸಾಲಿಗೆ ಹೊಸ ಪಿ.ಟಿ. ಸರ್ ಬಂದಿದ್ದರು. ಸಿಟ್ಟು ಕಡಿಮೆ, ಸೀಟಿ ಜಾಸ್ತಿ. ಒಂದು ಸಂಜೆ ನನ್ನ ಆಟ ನೋಡಿ ನಕ್ಕರು, ಆಮೇಲೆ ನಗು ನಿಲ್ಲಿಸಿ ಹತ್ತಿರ ಕರೆದರು.

“ಏನವಾ, ಕೊಪ್ಪಳದಾಗ ಹುಡಿಗ್ಯಾರ ಟೀಮಿಗಿ ಆಯ್ಕಿ ಐತಿ. ಬರ್ತೀಯೇನು?”

“ಬರ್ತೀನ್ರಿ ಸರ್.”

“ಬಂದ್ರ ಈ ಕೈ ಬಿಟ್ಟು ಬಾ. ಹಿಂಗ ಹಿಡಿದು ನಿಂತ್ರ ಅವರು ನಿನ್ನ ಆಟನ ನೋಡಂಗಿಲ್ಲ, ಮುಂದಿನಾಕಿ ಹೆಸರು ಕರೀತಾರ.”

ನನಗೆ ಸಿಟ್ಟು ಬಂತು. ಹೊಡೆಯುವುದಕ್ಕೆ ಅಡ್ಡಿಯಿಲ್ಲದ ಕೈ ಹಿಡಿಯುವುದಕ್ಕೇಕೆ ಅಡ್ಡಿ ಎಂದು ವಾದಿಸಿದೆ. ಅವರು ಶಬಾನಾಗೆ ಹೇಳಿ ಎದೆಯೆತ್ತರಕ್ಕೆ ಪುಟಿಯುವಂತೆ ಚೆಂಡು ಹಾಕಿಸಿದರು. ಎಡಕ್ಕೆ ತಿರುಗಿ ಹೊಡೆಯಲು ಹೋದೆ. ಕೈಗೆ ಕೈ ತೊಡರಿ, ಬ್ಯಾಟ್ ಒಂದು ಕಡೆ, ನಾನೊಂದು ಕಡೆ ಬಿದ್ದೆವು. ಇನ್ನೊಂದು ಸಲ ಹಾಕಿಸಿದರು. ಇನ್ನೊಂದು ಸಲ ಬಿದ್ದೆ. ವಾದ ಅಲ್ಲಿಗೆ ಮುಗಿಯಿತು.

ಮನೆಯಲ್ಲಿ ಅವ್ವನದು ಬೇರೆ ಪಟ್ಟು. ಮುಂದಿನ ವರ್ಷ ಹತ್ತನೇತ್ತ, ಹುಡುಗರ ನಡುವೆ ಕುಣಿದದ್ದು ಸಾಕು ಎಂಬುದು ಅವಳ ತೀರ್ಮಾನ. ಸರ್ ಮನೆತನಕ ಬಂದು ಕೇಳಿಕೊಂಡ ಮೇಲೆ ಅರ್ಧ ಮೆತ್ತಗಾದಳು.

“ಕೊಪ್ಪಳದಾಗ ಹೆಸರು ಬಂತು, ಆಡ್ಲಿ. ಬರ್ಲಿಲ್ಲ, ಆ ಬ್ಯಾಟು ನನ್ನ ಒಲಿಗಿ. ಸಜ್ಜಿ ರೊಟ್ಟಿ ಛಲೋ ಬೇಯ್ತಾವ.”

ಅವ್ವ ಹೇಳಿದ್ದನ್ನು ಮಾಡದೇ ಬಿಟ್ಟವಳಲ್ಲ. ನನ್ನ ಆಟ ಉಳಿಯಬೇಕೆಂದರೆ ನನ್ನ ಕೈ ಹೋಗಬೇಕಿತ್ತು.

ಕೈ ಬದಲಿಸುವುದೆಂದರೆ ಅಂಗಿ ಬದಲಿಸಿದಷ್ಟು ಸುಲಭ ಎಂದುಕೊಂಡಿದ್ದೆ. ಬಲಗೈ ಕೆಳಗಿಟ್ಟರೆ ಬ್ಯಾಟ್ ಯಾರದೋ ಮನೆಯ ಕೂಸಿನಂತೆ ಒದ್ದಾಡುತ್ತಿತ್ತು. ಚೆಂಡು ಬರುವ ಹೊತ್ತಿಗೆ ಕೈ ತಾನಾಗಿ ಹಳೆಯ ಜಾಗಕ್ಕೆ ಜಾರುತ್ತಿತ್ತು, ನನಗೇ ತಿಳಿಯುತ್ತಿರಲಿಲ್ಲ. ಮೂಗು ಸುರಿಸುವ ಚಿಕ್ಕ ಚಿಕ್ಕ ಹುಡುಗರೆಲ್ಲ ನನ್ನನ್ನು ಬೋಲ್ಡ್ ಮಾಡಿ ಓಣಿ ತುಂಬ ಮೆರವಣಿಗೆ ಹೊರಟರು. “ತೊಗರಿ ಮುಗೀತು, ಇನ್ನ ಕಡ್ಲಿ ಬಿತ್ರಿ” ಎಂದು ಒಬ್ಬ ಕೂಗಿದ. ಮನೆಗೆ ಬಂದು ಯಾರಿಗೂ ಕಾಣದಂತೆ ಅತ್ತಿದ್ದೇನೆ.

ಸರ್ ಬ್ಯಾಟನ್ನೇ ಕಸಿದಿಟ್ಟುಕೊಂಡರು. “ನೀ ಹೊಡಿಯೋದು ಕಲಿಬ್ಯಾಡ, ಹಿಡಿಯೋದು ಕಲಿ. ಎರಡು ಕೈಲೆ ಏನ ಹಿಡಿದ್ರೂ ಬಲಗೈ ಕೆಳಗ. ಆಯ್ಕಿ ಮುಗಿಯೂತನ ಹಳೇ ಕೈಲೆ ಏನೂ ಮುಟ್ಟಬ್ಯಾಡ” ಎಂದರು. ಅಂದಿನಿಂದ ಸಾಲಿಯ ಅಂಗಳ ಗುಡಿಸುವ ಉದ್ದನೆಯ ಕಸಬರಿಗೆ, ಬೋರಿನ ಹಿಡಿಕೆ, ಅವ್ವನ ಒನಕೆ ಎಲ್ಲವೂ ನನಗೆ ಬ್ಯಾಟುಗಳಾದವು. ನೀರಿನ ಪಾಳಿಯಲ್ಲಿ ನಿಂತ ಹೆಂಗಸರು, “ಈ ಹುಡುಗಿಗಿ ಏನಾತು, ಬೋರ್ ಹೊಡಿಯೂಮುಂದ ಕೈ ನೋಡ್ಕೋತ ನಿಂದರ್ತೈತಿ” ಎಂದು ಗುಸುಗುಸು ಮಾತಾಡಿದರು.

ಇಷ್ಟಾದರೂ ಕೈ ಮರೆಯುತ್ತಿತ್ತು. ಉಪಾಯ ಹುಡುಕಿದವಳು ಶಬಾನಾ. ಅವಳ ಅಕ್ಕನ ಮದುವೆಗೆ ಮೆಹಂದಿ ಕಲಸಿದ್ದರು. ಹುಣಸೆಹಣ್ಣಿನ ನೀರು, ಚಹಾದ ಡಿಕಾಕ್ಷನ್, ಇನ್ನೂ ಏನೇನೋ ಹಾಕಿದ್ದ ಅದರ ವಾಸನೆ ಆ ಮನೆಯ ಬಾಗಿಲಲ್ಲೇ ಮೂಗಿಗೆ ಬಡಿಯುತ್ತಿತ್ತು. ನನ್ನನ್ನು ಎಳೆದು ಕೂರಿಸಿ, ಬಲಗೈಗೆ ಮಾತ್ರ ಅಂಗೈ ಮುಂಗೈ ಎನ್ನದೆ ಮೆತ್ತಿದಳು.

“ಚೆಂಡ ನೋಡೂದಕ್ಕ ಮೊದಲ ಕೈ ನೋಡ. ಕೆಂಪು ಕೈ ಕೆಳಗ. ಇಷ್ಟ ನೆಪ್ಪ ಇಟ್ಕ.”

“ಎಡಗೈಗಿ?”

“ಎಡಗೈಗಿ ಮದುವಿ ಆದಮ್ಯಾಲ” ಎಂದಳು. ಅವಳ ಅಕ್ಕಂದಿರೆಲ್ಲ ನಕ್ಕರು.

ಮರುದಿನದಿಂದ ನಾನು ಬ್ಯಾಟ್ ಹಿಡಿದರೆ ಸಾಕು, ಇಡೀ ಓಣಿ “ಕೆಂಪು ಕೈ ಕೆಳಗ!” ಎಂದು ಕೂಗುತ್ತಿತ್ತು. ಗೇಲಿ ಮಾಡಲೆಂದೇ ಕೂಗುತ್ತಿದ್ದರು. ಆ ಗೇಲಿಯೇ ನನಗೆ ಪಾಠವಾಯಿತು. ಮೆಹಂದಿ ಕೆಂಪಿನಿಂದ ಕಿತ್ತಳೆಗೆ ತಿರುಗುವ ಹೊತ್ತಿಗೆ ಕೈ ತನ್ನ ಜಾಗದಲ್ಲಿ ನಿಲ್ಲತೊಡಗಿತ್ತು. ಶಬಾನಾ ಹಾಕಿದ ಎದೆಯೆತ್ತರದ ಚೆಂಡನ್ನು ತಿರುಗಿ ಹೊಡೆದಾಗ ಅದು ಜಾಲಿಕಂಟಿ ದಾಟಿ ಹೋಯಿತು. ಶಬಾನಾ ಸಿಟ್ಟಾಗುವುದನ್ನು ಮರೆತು ಚಪ್ಪಾಳೆ ತಟ್ಟಿದಳು.

ಆಯ್ಕೆ ಇನ್ನೇನು ಬಂತು ಅನ್ನುವಾಗ ಆಯಿ ಹೊಲದಿಂದ ಹೇಳಿ ಕಳಿಸಿದಳು. ತೊಗರಿ ಒಣಗಿದೆ, ಮೋಡ ಆಗುತ್ತಿದೆ, ಬಡಿಯಲು ಬಾ. ಆಯಿಗೆ ಒಲ್ಲೆನೆಂದವರು ನಮ್ಮ ಮನೆಯಲ್ಲಿ ಯಾರೂ ಇರಲಿಲ್ಲ. ಹಳೆಯ ಕೈಯಲ್ಲಿ ಅರ್ಧ ದಿನ ತೊಗರಿ ಬಡಿದೆನೆಂದರೆ ಅಷ್ಟು ದಿನ ಕಲಿತದ್ದೆಲ್ಲ ಅಳಿಸಿ ಹೋಗುತ್ತದೆಂಬ ಭಯ.

ಕಣದಲ್ಲಿ ಆಯಿ ಸೀರೆ ಮೇಲೆ ಕಟ್ಟಿ ಸಿದ್ಧಳಾಗಿ ನಿಂತಿದ್ದಳು. ನಾನು ಬಡಿಗೆ ತೆಗೆದುಕೊಂಡು ಕೆಂಪು ಕೈ ಕೆಳಗಿಟ್ಟೆ. ಅವಳು ಏಟು ಹಾಕಿದಳು, ನಾನು ಎತ್ತಿದೆ, ಅವಳು ಮತ್ತೆ ಎತ್ತಿದಳು. ನನ್ನ ಬಡಿಗೆ ಆ ದಿಕ್ಕಿನಿಂದ, ಅವಳದು ಈ ದಿಕ್ಕಿನಿಂದ ಬಂದು ರಾಶಿಯ ಮೇಲೆ ಕಟ್ಟೆಂದು ಬಡಿದುಕೊಂಡವು. ಆಯಿಯ ಬಡಿಗೆ ಕೈತಪ್ಪಿ ದೂರ ಬಿತ್ತು.

ಅವಳು ಬಡಿಗೆ ಎತ್ತಿಕೊಳ್ಳಲು ಹೋಗಲಿಲ್ಲ. ನನ್ನ ಕೈಯನ್ನೇ ನೋಡಿದಳು.

“ಯಾರ ಕೈ ತಂದೀಯವ್ವಾ ಇದು?”

“ಆಯಿ, ನಾ ಹಳೇದು ಹಿಡಿಯಂಗಿಲ್ಲ. ಸರ್ ಬ್ಯಾಡ ಅಂದಾರ.”

“ತೊಗರಿ ಬಡಿಯಾಕ ನಿಮ್ಮ ಸರ್ ಬರ್ತಾನೇನು?”

ಮತ್ತೊಂದು ಸಲ ಯತ್ನಿಸಿದೆವು. ಮತ್ತೆ ಬಡಿಗೆಗಳು ತಾಗಿದವು. ಆಯಿಯ ಮುಖ ಬಿಗಿಯಿತು. ನನಗೆ ಅಳು ತಡೆಯಲಾಗಲಿಲ್ಲ. ಹೆಸರು ಬರದಿದ್ದರೆ ಅವ್ವ ಬ್ಯಾಟನ್ನು ಒಲೆಗೆ ಹಾಕುತ್ತಾಳೆ, ಈ ಕೈ ಮರೆತರೆ ಹೆಸರು ಬರುವುದಿಲ್ಲ ಎಂದು ಬಿಕ್ಕುತ್ತ ಎಲ್ಲವನ್ನೂ ಹೇಳಿದೆ. ಆಯಿಗೆ ಕ್ರಿಕೆಟ್ ಎಂದರೆ ಕೆಲಸವಿಲ್ಲದವರು ಬಿಸಿಲು ಕಾಯುವುದು. ಅದರಲ್ಲಿ ಅಳುವಂಥದ್ದೇನಿದೆ ಎಂದು ಅವಳಿಗೆ ತಿಳಿಯಿತೋ ಇಲ್ಲವೋ. ಎಲೆ ಅಡಿಕೆಯನ್ನು ಪಕ್ಕಕ್ಕೆ ಉಗುಳಿದಳು. ಬಿದ್ದ ಬಡಿಗೆಯನ್ನು ಎತ್ತಿಕೊಂಡು ತನ್ನ ಎರಡೂ ಕೈಗಳನ್ನು ಒಂದು ಗಳಿಗೆ ನೋಡಿಕೊಂಡಳು. ಆಮೇಲೆ ಎಡಗೈಯನ್ನು ಕೆಳಗಿಟ್ಟಳು.

“ಹಂಗಾರ ನೀ ಹಂಗ ಹಿಡಿ. ನಾ ಹಿಂಗ ಹಿಡಿತೀನಿ. ಎರಡೂ ಬಡಿಗಿ ಒಂದ ಕಡಿಂದ ಬಂದ್ರ ಆತು. ಯಾರ ಕೈ ಎತ್ಲಾಗ ಇದ್ರ ತೊಗರಿಗೇನು?”

ಅವಳ ಮೊದಲ ಏಟು ರಾಶಿಗೆ ಬೀಳದೆ ನೆಲಕ್ಕೆ ಬಿತ್ತು. ಎರಡನೆಯದು ಅವಳ ಕಾಲ ಹೆಬ್ಬೆರಳನ್ನು ಸವರಿಕೊಂಡು ಹೋಯಿತು. “ಈ ಕೈಗಿ ಬುದ್ಧಿನ ಇಲ್ಲ ನೋಡು. ಉಂಡ ಕೈ ಅಲ್ಲ, ಬರೀ ತೊಳಿಯೋ ಕೈ” ಎಂದು ತನ್ನ ಎಡಗೈಗೆ ಬೈದಳು. ನನಗೆ ಅಳುವಿನ ನಡುವೆಯೇ ನಗು ಬಂತು. ಅವಳೂ ನಕ್ಕಳು. ಅರವತ್ತು ದಾಟಿದ ಹೆಂಗಸು, ಜನ್ಮವಿಡೀ ಒಂದು ಹೆಗಲಿನಿಂದ ಬಡಿದವಳು, ಉಸಿರು ಕಟ್ಟಿ ಇನ್ನೊಂದು ಹೆಗಲಿನಿಂದ ಬಡಿಗೆ ಎತ್ತುತ್ತಿದ್ದಳು. ನಾನು ಓಣಿಯವರ ಗೇಲಿ, ಸರ್ ಸೀಟಿ, ಶಬಾನಾಳ ಮೆಹಂದಿ ಎಲ್ಲ ಸೇರಿ ಕಲಿತದ್ದನ್ನು ಅವಳು ಬುತ್ತಿ ಬಿಚ್ಚುವ ಹೊತ್ತಿಗೆ ಒಂದು ಹದಕ್ಕೆ ತಂದಳು. ಮಧ್ಯಾಹ್ನ ಬನ್ನಿ ಗಿಡದ ನೆರಳಲ್ಲಿ ರೊಟ್ಟಿ, ಶೇಂಗಾ ಹಿಂಡಿ ತಿನ್ನುವಾಗ ಅವಳು ಎಡ ತೋಳನ್ನು ಚಾಚಿ ಮಡಚಿ ನೋಡಿಕೊಳ್ಳುತ್ತಿದ್ದಳು. ಸಂಜೆಯವರೆಗೆ ಬಡಿದೆವು. ಬಡಿಗೆಗಳು ಮತ್ತೆ ತಾಗಲಿಲ್ಲ.

ಕೊಪ್ಪಳದಲ್ಲಿ ನನಗೆ ಆಡಲು ಸಿಕ್ಕದ್ದು ಸ್ವಲ್ಪ ಹೊತ್ತು. ಮೊದಲ ಚೆಂಡು ತಪ್ಪಿತು. ಒಂದೆರಡನ್ನು ನೆಲಕ್ಕೆ ತಟ್ಟಿದೆ. ಆಮೇಲೊಂದು ಎದೆಯೆತ್ತರಕ್ಕೆ ಬಂತು. ಕೈ ನೋಡಿಕೊಳ್ಳಲಿಲ್ಲ, ನೋಡಿಕೊಳ್ಳಬೇಕೆಂಬುದೂ ನೆನಪಾಗಲಿಲ್ಲ. ತಿರುಗಿ ಹೊಡೆದೆ. ಚೆಂಡು ಮೈದಾನದ ಹಗ್ಗ ದಾಟಿತು. ಸಂಜೆ ಹೆಸರು ಓದಿದರು, ನನ್ನದಿತ್ತು. ಸರ್ ಬಸ್ ನಿಲ್ದಾಣದ ಎದುರು ಒಗ್ಗರಣಿ ಮಿರ್ಚಿ ಕೊಡಿಸಿದರು. ಅಷ್ಟು ಖಾರದ ಮಿರ್ಚಿಯನ್ನು ಅಷ್ಟು ಖುಷಿಯಿಂದ ಆಮೇಲೆ ಎಂದೂ ತಿಂದಿಲ್ಲ. ಅವ್ವ ಬ್ಯಾಟನ್ನು ಒಲೆಗೆ ಹಾಕಲಿಲ್ಲ, ಬಾಗಿಲ ಹಿಂದೆ ತಾನೇ ಒರಗಿಸಿಟ್ಟಳು.

ದೊಡ್ಡ ಆಟಗಾರ್ತಿಯೇನೂ ಆಗಲಿಲ್ಲ. ಕಾಲೇಜು ಮುಗಿಯುವವರೆಗೆ ಆಡಿದೆ, ಊರೂರು ತಿರುಗಿದೆ, ಆಮೇಲೆ ನೌಕರಿ ಬಂತು, ಆಟ ಹೋಯಿತು. ತೊಗರಿ ಶಾಟ್ ಅಂತೂ ಕೈ ಬದಲಾದ ದಿನವೇ ಹೋಗಿತ್ತು. ಎಷ್ಟೋ ಸಲ ಸುಮ್ಮನೆ ಎಡಗೈ ಕೆಳಗಿಟ್ಟು ನೋಡಿದ್ದೇನೆ. ಈಗ ಅದೇ ಬೇರೆಯವರ ಕೈ ಅನ್ನಿಸುತ್ತದೆ.

ಕೊಪ್ಪಳದ ಹಾಸ್ಟೆಲಿಗೆ ಸೇರಿದ ಮೇಲೆ ತೊಗರಿ ಕಾಲಕ್ಕೆ ಊರಿಗೆ ಹೋಗುವುದು ಆಗಲೇ ಇಲ್ಲ. ಒಂದು ವರ್ಷ ಪರೀಕ್ಷೆ, ಒಂದು ವರ್ಷ ಟೂರ್ನಮೆಂಟು. ಒಮ್ಮೆ ಚಿಕ್ಕಮ್ಮ ಫೋನಿನಲ್ಲಿ ದೂರು ಹೇಳಿದಳು.

“ನಿಮ್ಮ ಆಯಿ ಜೋಡಿ ಬಡಿಯಾಕ ಆಗವಲ್ದವ್ವಾ. ನಾನೂ ಅಕಿ ಎದುರಿಗಿ ಎಡಗೈ ಕೆಳಗಿಟ್ಟ ಕಲ್ತಾಕಿ, ಈಗ ಅಕಿನ ಉಲ್ಟಾ ಬಡಿತಾಳ. ಎದುರಿಗಿ ನಿಂತ್ರ ಬಡಿಗಿ ತಾಕತಾವ. ಸರಿ ಮಾಡ್ಕೊ ಅತ್ತಿ ಅಂದ್ರ ಒಲ್ಲೆ ಅಂತಾಳ. ‘ಅಕಿ ಬಂದ್ರ ಮತ್ತ ಕೈ ಬದ್ಲಿ ಮಾಡಾಕ ನನಗ ಆಗೂದಿಲ್ಲ’ ಅಂತಾಳ.”

ನಾನು ನಕ್ಕು, ಬರುವ ವರ್ಷ ಖಂಡಿತ ಬರುತ್ತೇನೆಂದು ಹೇಳೆಂದೆ. ಆಯಿಗೆ ಆ ಬರುವ ವರ್ಷ ಬರಲಿಲ್ಲ.

ಈಗ ನಾನಿರುವ ಗಂಗಾವತಿಯಲ್ಲಿ ಸುತ್ತಲೂ ಭತ್ತ. ಯಂತ್ರ ಗದ್ದೆಗಿಳಿದರೆ ಕಾಳು ತಾನಾಗಿ ಬೇರೆಯಾಗುತ್ತದೆ. ಬೇವೂರಿಗೂ ತೊಗರಿ ಒಕ್ಕುವ ಮಷಿನ್ ಬಂದಿದೆ. ಹೋದ ಚಳಿಗಾಲ ಊರಿಗೆ ಹೋದಾಗ ಮಷಿನ್ ಬಂದು ಹೋಗಿತ್ತು. ಕಣದ ಅಂಚಿನಲ್ಲಿ ಅದರ ಬಾಯಿಗೆ ಸಿಗದ ಒಂದು ಹೊರೆ ತೊಗರಿ ಉಳಿದಿತ್ತು. ಗುಡಿಸಲ ಸೂರಿನಲ್ಲಿ ಆಯಿಯ ಬಡಿಗೆ ಇನ್ನೂ ಇತ್ತು. ತೆಗೆದುಕೊಂಡು ನಿಂತೆ. ಬಲಗೈ ತಾನಾಗಿ ಕೆಳಗೆ ಹೋಯಿತು. ಒಂದು ಏಟು ಹಾಕಿದೆ, ಕೈ ಮೇಲೆತ್ತಿ ಸುಮ್ಮನೆ ನಿಂತುಬಿಟ್ಟೆ. ಯಾಕೆ ನಿಂತೆನೆಂದು ಮೊದಲು ತಿಳಿಯಲಿಲ್ಲ. ಎದುರಿನ ಏಟು ಬೀಳಲಿ ಎಂದು ಕೈ ಕಾಯುತ್ತಿತ್ತು.