ಬೆಳ್ಳಿಯ ಮೇಲಿನ ಹಳದಿ

ಯೂನಿಯನ್ ಸಿಟಿಯ ಶೈಲಜಾ ಮೈಸೂರಿನ ಚಿತ್ರಗಾರರ ಮನೆಯ ಮಗಳು. ದೇವರ ಪಟಗಳಿಗೆ ಚಿನ್ನದ ರೇಕು ಕೂರಿಸುವುದನ್ನು ತಂದೆಯ ಪಕ್ಕದಲ್ಲಿ ಕುಳಿತು ಕಲಿತವರು. ಹಳೆಯ ಚಿತ್ರ, ಚೌಕಟ್ಟುಗಳನ್ನು ದುರಸ್ತಿ ಮಾಡುವ ಕಸುಬು ದೇಶ ಬಿಟ್ಟು ಬಂದ ಮೇಲೆ ಇಲ್ಲಿಯೂ ಆಕೆಯ ಕೈಹಿಡಿಯಿತು.

ಲಾಸ್ ಆಲ್ಟೋಸಿನ ನಿವೃತ್ತ ವೈದ್ಯ ರಘೋತ್ತಮರು ಕೊಂಡ ಮನೆಯಲ್ಲಿ ಊಟದ ಕೋಣೆಯ ಗೋಡೆಗೆ ಬಂಗಾರದಂತೆ ಹೊಳೆಯುವ ತೊಗಲು ಹೊದಿಸಿತ್ತು. ಹಿಂದಿನ ಮಾಲೀಕರು ಯೂರೋಪಿನ ಸಿರಿವಂತರ ಮನೆಯೊಂದರಿಂದ ತರಿಸಿದ್ದಂತೆ. ಬಟ್ಟೆಯ ಹಾಗೆ ತೊಗಲು ಅಡುಗೆಯ ವಾಸನೆ ಹಿಡಿಯುವುದಿಲ್ಲವೆಂದು ಅಲ್ಲಿಯವರು ಊಟದ ಕೋಣೆಗೆ ಅದನ್ನೇ ಬಯಸುತ್ತಿದ್ದರು. ಬಳ್ಳಿ, ದಾಳಿಂಬೆ, ಹಕ್ಕಿಗಳು ಉಬ್ಬಿ ನಿಂತ ಹನ್ನೆರಡು ಫಲಕಗಳು. ಮಸಿ ಕೂತು ಮಂಕಾಗಿದ್ದ ಅವನ್ನು ಶುಚಿ ಮಾಡಲು ಶೈಲಜಾರನ್ನು ಕರೆಸಿದ್ದರು.

ಅಪ್ಪಟ ಚಿನ್ನ ಒರೆಸಿದರೆ ಹೋಗುವುದಿಲ್ಲ. ಆ ಧೈರ್ಯದ ಮೇಲೆ ಶೈಲಜಾ ಮೂಲೆಯಲ್ಲಿ ಪರೀಕ್ಷಿಸದೆ, ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯನ್ನು ನೇರವಾಗಿ ದಾಳಿಂಬೆಯ ಮೇಲೆ ಆಡಿಸಿದರು. ಹತ್ತಿ ಹಳದಿಯಾಯಿತು. ರೂಪಾಯಿಯಗಲದ ಜಾಗ ಬೆಳ್ಳಗೆ ಬಿಟ್ಟುಕೊಂಡಿತು. ಪಕ್ಕದ ಕಪಾಟನ್ನು ಒಂದು ಗೇಣು ಸರಿಸಿದ್ದರೆ ಅದು ಮುಚ್ಚಿಹೋಗುತ್ತಿತ್ತು. ಆಕೆ ರಘೋತ್ತಮರನ್ನು ಕರೆದರು.

"ಡಾಕ್ಟ್ರೇ, ತಪ್ಪಾಗಿದೆ. ಇದು ಚಿನ್ನ ಅಲ್ಲ. ಬೆಳ್ಳಿ ರೇಕಿನ ಮೇಲೆ ಹಳದಿ ವಾರ್ನಿಷು. ನಾನು ಅದನ್ನೇ ಒರೆಸಿಬಿಟ್ಟೆ."

"ಚಿನ್ನ ಅಲ್ವಾ? ಬಂದ ಗೆಸ್ಟುಗಳಿಗೆಲ್ಲ ಚಿನ್ನ ಅಂತಾನೇ ಹೇಳಿದೀನಲ್ಲಮ್ಮ."

"ನಾನೂ ಹಾಗೇ ಅಂದ್ಕೊಂಡೆ."

"ನಾನು ಅಂದ್ಕೋಬಹುದು. ನೀವು ಅಂದ್ಕೋಬಹುದಾ? ಮೊದಲು ಇದನ್ನ ಸರಿಮಾಡಿ. ಉಳಿದ ಹನ್ನೊಂದರ ಮಾತು ಆಮೇಲೆ."

ಮೂರು ವಾರ ಶೈಲಜಾ ಬೇರೆ ಕೆಲಸ ಹಿಡಿಯಲಿಲ್ಲ. ತೊಗಲಿನ ಚೂರುಗಳಿಗೆ ಬೆಳ್ಳಿ ರೇಕು ಅಂಟಿಸಿ, ಬಗೆಬಗೆಯ ಹಳದಿ ಬಳಿದು, ಅಡುಗೆಮನೆಯ ಕಿಟಕಿಯಲ್ಲಿ ಒಣಗಿಸಿದರು.

"ಅಮ್ಮ, ದಿಸ್ ಒನ್ ಈಸ್ ಟೂ ಆರೆಂಜ್," ಎಂದಳು ಮಗಳು ತನ್ವಿ.

"ನಿನ್ನೆ ತುಂಬಾ ಹಸಿರು ಅಂದೆ."

"ಅದು ನಿನ್ನೇದು."

ಏಳನೆಯ ಚೂರಿನಲ್ಲಿ ತನ್ವಿಗೆ ತಪ್ಪು ಸಿಗಲಿಲ್ಲ. ಅದೇ ಹಳದಿಯನ್ನು ಒಯ್ದು ಶೈಲಜಾ ಬಿಳಿಯ ಜಾಗವನ್ನು ತುಂಬಿದರು. ಆ ದಿನವಿಡೀ ರಘೋತ್ತಮರು ಆಕೆಯ ಬೆನ್ನ ಹಿಂದೆ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಬಣ್ಣ ಒಣಗಿದ ಮೇಲೆ ಕನ್ನಡಕವೇರಿಸಿ ಗೋಡೆಯ ಹತ್ತಿರ ಹೋದರು.

"ಎಲ್ಲಿತ್ತು ಅದು?"

ಶೈಲಜಾ ದಾಳಿಂಬೆಯ ತೊಟ್ಟನ್ನು ತೋರಿಸಿದರು. ಅವರು ಮತ್ತೊಮ್ಮೆ ಬಗ್ಗಿ ನೋಡಿ, ಕುರ್ಚಿಯನ್ನು ಎತ್ತಿ ಮೇಜಿನ ಬಳಿ ಇಟ್ಟರು. ಜೇಬಿನಿಂದ ಮನೆಯ ಬೀಗದ ಕೈ ತೆಗೆದು ಆಕೆಗೆ ಕೊಟ್ಟರು.

"ನಾನು ಗ್ರೋಸರಿಗೆ ಹೋಗ್ಬರ್ತೀನಿ. ನಾಳೆಯಿಂದ ನೀವೇ ಬಾಗಿಲು ತೆಕ್ಕೊಂಡು ಬನ್ನಿ."

ಕಾರು ಹೊರಟ ಸದ್ದು ಕೇಳಿಸಿತು. ಶೈಲಜಾ ಎರಡನೆಯ ಫಲಕದ ಕೆಳಗಿನ ಮೂಲೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತು, ಹೊಸ ಹತ್ತಿಯನ್ನು ಬರಿಯ ನೀರಿನಲ್ಲಿ ಅದ್ದಿ ಹಿಂಡಿದರು.