ಅಪ್ಪಾವ್ರು ಕುಂತ ಸೀಟು

ನಾನು ಯಾರನ್ನೂ ಸುಲಭಕ್ಕೆ ನಂಬುವವನಲ್ಲ. ಆಳಂದದ ಮಾರುಕಟ್ಟೆಯಲ್ಲಿ ಮೂವತ್ತು ವರ್ಷ ತೊಗರಿ ಖರೀದಿಗೆ ನಿಂತವನು. ಚೀಲದ ಬಾಯಲ್ಲಿ ಕಾಣುವ ಕಾಳನ್ನಷ್ಟೇ ನೋಡಿ ಸೌದಾ ಮುಗಿಸಿದ್ದರೆ ಎಂದೋ ಮುಳುಗಿಹೋಗುತ್ತಿದ್ದೆ. ಮೊಣಕೈತನಕ ಕೈ ಇಳಿಸಿ ತಳದ ಕಾಳು ತೆಗೆದು ನೋಡುವುದೇ ನನ್ನ ಕಸುಬು. ಅದೇ ಚಾಳಿ ಮನೆಗೂ ಬಂತು. ಹಾಲಿನವನ ಹಾಲು, ಡಾಕ್ಟರ ಚೀಟಿ, ಬೀಗರ ನಗು, ಎಲ್ಲದರ ತಳವನ್ನೂ ಕೆದಕಿ ನೋಡುತ್ತೇನೆ. "ನಿಮಗ ದೇವರು ಬಂದು ಎದುರಿಗೆ ನಿಂತ್ರೂ ಆಧಾರ್ ಕಾರ್ಡ್ ಕೇಳ್ತೀರಿ ನೋಡ್ರಿ" ಅನ್ನುತ್ತಾಳೆ ನನ್ನ ಹೆಂಡತಿ. ಕೇಳಿದರೆ ತಪ್ಪೇನು?

ಕಳೆದ ವರ್ಷ ಅವ್ವನಿಗೆ ಸೊಲ್ಲಾಪುರದಲ್ಲಿ ಸೊಂಟದ ಕೀಲಿನ ಆಪರೇಷನ್ ಆಯಿತು. ಮೊಣಕಾಲಿಗಿಂತ ತಗ್ಗಿನಲ್ಲಿ ಕೂಡಿಸಬೇಡಿ, ಕೂಡಿಸಿದರೆ ಹೊಸ ಕೀಲು ಜಾರುತ್ತದೆ ಎಂದು ಡಾಕ್ಟರು ಮೂರು ಸಲ ಹೇಳಿ ಕಳಿಸಿದರು. ನಮ್ಮದೋ ಹದಿನೆಂಟು ವರ್ಷದ ಹಳೆಯ ಪುಟ್ಟ ಕಾರು. ಸೀಟುಗಳು ಕುಸಿದು ಕುಸಿದು, ಕೂತರೆ ಮೊಣಕಾಲು ಗದ್ದಕ್ಕೆ ತಾಗುವಂತಾಗಿದ್ದವು. ಕೌದಿ ಮಡಿಸಿ ಹಾಕಿ ನೋಡಿದೆ. ಮೊದಲ ತಿರುವಿನಲ್ಲೇ ಕೌದಿ ಜಾರಿತು, ಅವ್ವ "ಯವ್ವಾ ಸತ್ತೆ" ಎಂದು ಚೀರಿದಳು. ಬಾಡಿಗೆಯ ದೊಡ್ಡ ಗಾಡಿ ತರಿಸಿದರೆ ಅದರ ಮೆಟ್ಟಿಲು ಅವಳಿಗೆ ಏರಲಾಗದಷ್ಟು ಎತ್ತರ. ಹೀಗಾಗಿ ಆರು ತಿಂಗಳಿಂದ ಅವಳು ನಮ್ಮ ಓಣಿ ದಾಟಿರಲಿಲ್ಲ.

ಅಷ್ಟರಲ್ಲಿ ಅತನೂರಿನಿಂದ ಫೋನು ಬಂತು. ಅಲ್ಲಿ ಅವ್ವನ ಅಕ್ಕ ಇದ್ದಾಳೆ, ನನ್ನ ದೊಡ್ಡವ್ವ. ಫೋನು ಮಾಡಿದ್ದು ಅವಳ ಸೊಸೆ. "ಅತ್ತಿ ಹಾಸಿಗಿ ಹಿಡದಾರ್ರಿ. ತಂಗೀನ ಕರಸ್ರಿ, ಆಕಿಗೆ ಒಂದ ಮಾತ ಹೇಳೋದದ ಅಂತ ಒಂದ ಸವನ ಅನ್ನಾಕತ್ತಾರ. ಏನದು ಅಂದ್ರ ನಮಗ ಹೇಳವಲ್ರು. ಲಗೂನ ಕರಕೊಂಡ ಬರ್ರಿ." ದೊಡ್ಡವ್ವನಿಗೆ ಕಿವಿ ಹೋಗಿ ಎಷ್ಟೋ ವರ್ಷವಾಗಿತ್ತು, ಫೋನಿನಲ್ಲಿ ಮಾತಾಡಿಸುವಂತಿರಲಿಲ್ಲ.

ಒಂದು ಮಾತು ಎಂದ ಕೂಡಲೇ ನನಗೆ ಅನುಮಾನ. ಹೊಲದ ಪಾಲಿನ ವಿಷಯವೇ ಇರಬೇಕು ಅಂದೆ. ಅವ್ವ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. "ಸಾಯೋ ಮುದುಕಿ ತನ್ನ ಒಡಹುಟ್ಟಿದಾಕಿಗೆ ಹೇಳೋದು ಹೊಲದ ಮಾತೇನಲೇ? ನಿನ್ನ ತಲ್ಯಾಗ ಏನ ತುಂಬ್ಯಾದೋ. ನನ್ನ ಕರಕೊಂಡ ಹೋಗು, ಅಷ್ಟ."

ಕಾರು ಬದಲಿಸುವ ಮಾತು ಬೇಡ, ಸೀಟು ಬದಲಿಸಿದರೆ ಸಾಕು ಎಂದ ನಮ್ಮ ಓಣಿಯ ಗ್ಯಾರೇಜಿನವ. ದೊಡ್ಡ ಗಾಡಿಯ ಮುಂದಿನ ಎರಡು ಸೀಟು ತಂದು, ಅವುಗಳ ಅಡಿಗೆ ನಮ್ಮ ಹಳೆಯ ಸೀಟಿನ ಜಾರುಪಟ್ಟಿ ಬೆಸೆದರೆ, ಹಳೆಯ ಬೋಲ್ಟಿನ ತೂತಿಗೇ ಕೂತುಕೊಳ್ಳುತ್ತವಂತೆ. ನಾಲ್ಕು ಬೆರಳು ಎತ್ತರ ಸಿಗುತ್ತದೆ, ಗಾದಿಯೂ ಗಟ್ಟಿ. ಜೇವರ್ಗಿಯಲ್ಲಿ ಹಳೆ ಗಾಡಿ ಒಡೆದು ಮಾರುವ ಗುಜರಿಯವನೊಬ್ಬ ತನಗೆ ಗುರುತು ಎಂದ. ಇವನಿಗೂ ಅವನಿಗೂ ಒಳಗೊಳಗೇ ಏನೋ ಮಾತಾಗಿದೆ ಎಂದು ನನಗೆ ಅಲ್ಲೇ ಅನಿಸಿತು. ಆದರೂ ಹೂಂ ಅಂದೆ.

ಮರುದಿನ ಗುಜರಿಯವ ತಾನೇ ಸೀಟು ಹೇರಿಕೊಂಡು ಬಂದ. ಕುಳ್ಳಗೆ, ದಪ್ಪಗೆ, ನಗುಮುಖದ ಮನುಷ್ಯ. ನಗುವವರ ಮೇಲೆ ನನಗೆ ಒಂದು ಕಣ್ಣು ಯಾವಾಗಲೂ ಇರುತ್ತದೆ. ಎಡಗಡೆಯ ಸೀಟನ್ನು ಗ್ಯಾರೇಜಿನ ಕಟ್ಟೆಯ ಮೇಲೆ ಇಡಿಸಿ ಅವ್ವನನ್ನು ಕೂಡಿಸಿ ನೋಡಿದೆವು. ವಾಕರ್ ಹಿಡಿದು ಬಂದವಳು ನಿಧಾನಕ್ಕೆ ಕೂತಳು, ಬೆನ್ನು ಆನಿಸಿದಳು, ಕಣ್ಣು ಮುಚ್ಚಿದಳು. "ಹಾಂ. ಇದು ಚಲೋ ಅದ ನೋಡಪಾ. ನೋವ ಇಲ್ಲ." ಅವಳ ಬಾಯಿಂದ ನೋವು ಇಲ್ಲ ಎಂಬ ಮಾತು ಕೇಳಿ ಎಷ್ಟು ದಿನವಾಗಿತ್ತು!

ಅಷ್ಟಕ್ಕೆ ಸುಮ್ಮನಿದ್ದಿದ್ದರೆ ಆಗಿತ್ತು. ಇರಲಿಲ್ಲ. ಇಷ್ಟು ಒಳ್ಳೆಯ ಸೀಟು ಗುಜರಿಗೆ ಯಾಕೆ ಬಂತು? ಬೆಳ್ಳಗಿದ್ದದ್ದೆಲ್ಲ ಹಾಲಲ್ಲ. ಗಾದಿಯ ಹೊಲಿಗೆಯೊಳಗೆ ಬೆರಳು ತೂರಿಸಿ, ಮೂಸಿ, ಅಡಿಯ ತಗಡು ಬಡಿದು ನೋಡಿದೆ. ಆಮೇಲೆ ಅವನನ್ನೇ ಹಿಡಿದೆ.

"ಖರೇ ಹೇಳ್ರಿ, ಇದು ಎಕ್ಸಿಡೆಂಟ್ ಆದ ಗಾಡಿದು ಹೌದಲ್ಲೋ? ಇದರಾಗ ಯಾರು ಸತ್ತಾರ?"

ಅವನ ನಗು ಹೋಯಿತು. "ಛೇ ಛೇ, ಏನ್ ಮಾತಾಡ್ತೀರಿ ಸಾಹೇಬ್ರ!"

"ಮತ್ತ ಯಾರ ಗಾಡಿ? ಹೇಳಾಕ ಯಾಕ ಹೆದರ್ತೀರಿ?"

"ಹೆದರಿಕಿ ಎದಕ್ಕ್ರಿ? ಮಠದ ಗಾಡಿ ಅದ. ಅಪ್ಪಾವ್ರು ಎಂಟ ವರ್ಷ ಇದರಾಗ ತಿರಗ್ಯಾರ. ಅವ್ವಾರು ಈಗ ಕುಂತಾರಲ್ಲ, ಅದ ಸೀಟಿನ ಮ್ಯಾಲ ಕುಂದ್ರತಿದ್ರು. ಉಂಡ ಅನ್ನದ ಆಣಿ ಇಟ್ಟು ಹೇಳ್ತೇನಿ."

ಅವ್ವ ಎದ್ದ ರೀತಿ ನೋಡಬೇಕಿತ್ತು. ಆರು ತಿಂಗಳಲ್ಲಿ ಒಬ್ಬರ ಆಸರೆಯಿಲ್ಲದೆ ಎದ್ದವಳಲ್ಲ, ವಾಕರನ್ನೂ ಹಿಡಿಯದೆ ನೆಟ್ಟಗೆ ನಿಂತುಬಿಟ್ಟಳು. ಸೀಟನ್ನು ಮುಟ್ಟಿ ಎರಡೂ ಕಣ್ಣಿಗೆ ಒತ್ತಿಕೊಂಡಳು. "ಶಿವ ಶಿವಾ, ಅಪ್ಪಾವ್ರು ಕುಂತ ಜಾಗಾದ ಮ್ಯಾಲ ನನ್ನ ಕುಂಡ್ರಿಸಿದ್ಯೇನಲೇ? ಯಾ ಜಲ್ಮದ ಪಾಪ ಇದು!"

ಅಪ್ಪಾವ್ರು ಅಂದರೆ ಮಠದ ಸ್ವಾಮಿಗಳು. ನಮ್ಮ ಕಡೆ ಅವರು ಮನೆಗೆ ಬಂದು ಕೂತುಹೋದ ಕುರ್ಚಿಯ ಮೇಲೆ ಮನೆಯವರು ಕೂಡುವುದಿಲ್ಲ. ಮಡಿಬಟ್ಟೆ ಹೊದಿಸಿ ಮೂಲೆಯಲ್ಲಿ ಇಡುತ್ತಾರೆ. ಅವ್ವನ ಮಟ್ಟಿಗೆ ಕಾರಿನ ಸೀಟಿಗೂ ಅದೇ ಕಾನೂನು.

ಎರಡು ದಿನಕ್ಕೆ ಮೆತ್ತಗಾಗುತ್ತಾಳೆ ಎಂದುಕೊಂಡು ಅಂದೇ ಸೀಟು ಕೂಡಿಸಿದೆ. ಬೆಸುಗೆಯವ ಒಂದೊಂದು ಕಾಲಿಗೂ ಬೆಸೆದನೋ ಇಲ್ಲವೋ ಎಂದು ಮುಂದೆಯೇ ಕೂತು ನೋಡಿದೆ, ನಾಲ್ಕೂ ಬೋಲ್ಟನ್ನು ನನ್ನ ಕೈಯಾರೆ ತಿರುವಿ ಪರೀಕ್ಷಿಸಿದೆ. ಕೆಲಸ ಅಚ್ಚುಕಟ್ಟು. ಸಂಜೆ ನೋಡಿದರೆ ಅವ್ವ ಆ ಸೀಟಿನ ಮೇಲೆ ಒಂದು ಬಿಳಿ ಪಂಚೆ ಹಾಸಿಸಿ, ಮೇಲೊಂದು ಹೂವು ಇಡಿಸಿದ್ದಳು.

"ಮ್ಯಾಲ ಕೌದಿ ಹಾಸ್ತೀನಿ, ಕುಂದ್ರು" ಅಂದೆ.

"ಕೌದಿ ಹಾಸಿದ್ರ ಕೆಳಗಿನ ಸೀಟ ಎಲ್ಲಿ ಹೋಗ್ತದ?"

"ಡ್ರೈವರ್ ಸೀಟ ಎಡಕ್ಕ ಹಾಕಸ್ತೀನಿ, ಇದನ್ನ ಬಲಕ್ಕ."

"ಅಪ್ಪಾವ್ರು ಒಮ್ಮಿಯಾದ್ರೂ ತಾವ ಗಾಡಿ ಹೊಡದಿಲ್ಲ ಅಂತ ನಿನಗ್ಯಾರು ಹೇಳ್ಯಾರ?"

ನನ್ನದೇ ರೋಗ ಅವ್ವನಿಗೂ ಅಂಟಿತ್ತು. "ಹಂಗಾರ ನಾ ಹ್ಯಾಂಗ ಕುಂದ್ರಲಿ?" ಎಂದರೆ, "ನೀ ಹ್ಯಾಂಗರ ಕುಂದ್ರು, ನಿನಗೇನ ದೇವರ ಅದಾನೋ ದಿಂಡ್ರ ಅದಾನೋ" ಎಂದು ಒಳಗೆ ಹೋದಳು. ಆಮೇಲೆ ಬಾಗಿಲ ಬಳಿ ಬಂದು, "ಅತನೂರಿಂದ ಮತ್ತ ಫೋನ್ ಬಂದಿತ್ತೇನು?" ಎಂದು ಕೇಳಿದಳು. ಬಂದಿತ್ತು.

ಈಗ ನನಗೆ ಒಂದೇ ದಾರಿ ಕಂಡಿತು. ಗುಜರಿಯವ ಸುಳ್ಳ ಎಂದು ಸಾಬೀತು ಮಾಡಬೇಕು. ಮಠದ ಸೀಟಂತೆ! ಮಾಲು ಮಾರಲು ಬಾಯಿಗೆ ಬಂದದ್ದು ಹೇಳಿದ್ದಾನೆ. ಆದರೆ ಯಾವ ಮಠ ಎಂದು ಅವನು ಹೇಳಿರಲಿಲ್ಲ, ಯಾರನ್ನು ಕೇಳುವುದು? ಈ ಕಡೆ ಜಿಡಗಾ, ಆ ಕಡೆ ಅಂದೋಲಾ, ನಡುವೆ ಊರಿಗೊಂದು ಮಠ. ನಿಮ್ಮ ಸ್ವಾಮಿಗಳ ಸೀಟು ಗುಜರಿಗೆ ಹೋಗಿದೆಯೇ ಎಂದು ಕೇಳಿದರೆ ಚಪ್ಪಲಿ ತಗೊಂಡಾರು. ಹಾಗಾಗಿ ಮರುದಿನ ಬೆಳಿಗ್ಗೆ, ಪಕ್ಕದ ಸೀಟಿನಲ್ಲಿ ಹೂವು ಕೂಡಿಸಿಕೊಂಡು, ಕಲಬುರಗಿ ದಾಟಿ ಜೇವರ್ಗಿಗೇ ಹೋದೆ.

ಅವನು ವಾದಕ್ಕೆ ಬರಲಿಲ್ಲ. "ಬರ್ರಿ" ಎಂದು ಅಂಗಳದ ಹಿಂದಕ್ಕೆ ಕರೆದೊಯ್ದ. ಅಲ್ಲೊಂದು ದೊಡ್ಡ ಬಿಳಿ ಗಾಡಿಯ ಹಂದರ ನಿಂತಿತ್ತು. ಮುಂದಿನ ಎರಡೂ ಸೀಟು ಇಲ್ಲ. ಕನ್ನಡಿಗೆ ಕಾವಿ ಬಟ್ಟೆಯ ತುಂಡು ಕಟ್ಟಿದ್ದು ಹಾಗೇ ಇತ್ತು, ಚಿಲ್ಲರೆ ಇಡುವ ಗೂಡಿನಲ್ಲಿ ವಿಭೂತಿಯ ಗಟ್ಟಿ. ಇಂಥದ್ದನ್ನು ಯಾರಾದರೂ ತಂದಿಡಬಹುದು ಅಂದೆ. ಅವನು ಫೋನು ತೆಗೆದು ಫೋಟೋ ತೋರಿಸಿದ. ಸ್ವಾಮಿಗಳು ಎಡಗಡೆಯ ಸೀಟಿನಿಂದ ಇಳಿಯುತ್ತಿದ್ದಾರೆ, ಇವನು ಕಾಲಿಗೆ ಬಿದ್ದಿದ್ದಾನೆ. ಫೋಟೋದ ನಂಬರ್ ಪ್ಲೇಟನ್ನೂ ಹಂದರದ ನಂಬರ್ ಪ್ಲೇಟನ್ನೂ ಎರಡೆರಡು ಸಲ ಹೋಲಿಸಿದೆ. ಒಂದೇ. ಫೋಟೋದ ಸೀಟಿನ ಮೇಲೂ ನನ್ನ ಕಾರಿಗೆ ಹಾಕಿಸಿದ ಸೀಟಿನ ಮೇಲೂ ಇದ್ದ ಕತ್ತರಿ ಆಕಾರದ ಹೊಲಿಗೆಯೂ ಒಂದೇ.

ಜನ್ಮದಲ್ಲಿ ಮೊದಲ ಸಲ ಒಬ್ಬ ವ್ಯಾಪಾರಿ ನನಗೆ ನಿಜ ಹೇಳಿದ್ದ, ಅದೂ ನನಗೆ ಸುಳ್ಳೇ ಬೇಕಾಗಿದ್ದಾಗ! ಸಿಟ್ಟು ನೆತ್ತಿಗೇರಿತು. "ನಿಮಗ ಖರೇ ಹೇಳಂತ ಯಾರು ಹೇಳಿದ್ರು?" ಎಂದು ಕೂಗಾಡಿದೆ. ಅವನು ಕಕ್ಕಾಬಿಕ್ಕಿಯಾದ. ಸೀಟು ವಾಪಸು ತೆಗೆದುಕೊಂಡು ಬೇರೆ ಕೊಡುತ್ತೇನೆ, ಆದರೆ ಹೊಂದುವಂಥದ್ದು ಸಿಗಲು ವಾರವಾದೀತು ಎಂದ. ವಾರ ಎಲ್ಲಿಯದು? ಆಗ ದೊಡ್ಡವ್ವನ ವಿಷಯ, ಆ ಒಂದು ಮಾತಿನ ವಿಷಯ, ಎಲ್ಲ ಹೇಳಿದೆ. ಅವನು ಎಲ್ಲ ಕೇಳಿಕೊಂಡು ಕಾರಿನತನಕ ಬಂದು ಕಳಿಸಿದ.

ಮನೆಗೆ ಬಂದಾಗ ಅವ್ವ ಕುರ್ಚಿ ಹಾಕಿಸಿಕೊಂಡು ಬಾಗಿಲಲ್ಲೇ ಕೂತಿದ್ದಳು. "ಏನಂದ ಅಂವಾ? ಸುಳ್ಳಂತಿಲ್ಲೋ?" ಎಂದಳು.

"ಖರೇನ ಅದ ಬೇ" ಅಂದೆ. ಹೇಳುವಾಗ ನನಗೆ ಒಂದು ಬಗೆಯ ಹೆಮ್ಮೆಯೇ ಇತ್ತು. "ಫೋಟೋ ನೋಡಿದೆ, ನಂಬರ್ ತಾಳೆ ಹಚ್ಚಿದೆ. ಅಪ್ಪಾವ್ರದ ಸೀಟ. ಅನುಮಾನ ಇಲ್ಲ."

ಅವಳು ನನ್ನ ಮುಖವನ್ನೇ ಬಹಳ ಹೊತ್ತು ನೋಡಿದಳು. "ಆತು ಬಿಡು" ಎಂದು ಎದ್ದುಹೋದಳು. ರಾತ್ರಿ ಊಟ ಮಾಡಲಿಲ್ಲ.

ಮರುದಿನ ಬೆಳಿಗ್ಗೆ ಬಾಗಿಲಲ್ಲಿ ಗುಜರಿಯವ! ಜೇವರ್ಗಿಯಿಂದ ಆಳಂದ ಅಂದರೆ ಏನು ಕಡಿಮೆ ದೂರವೇ? ಕರೆಯದೆ ಇಷ್ಟು ದೂರ ಬಂದವನಿಗೆ ಏನೋ ಬೇಕಾಗಿರಬೇಕು ಎಂದು ಅಡ್ಡ ನಿಂತೆ. ಅವನು ನನ್ನನ್ನು ದಾಟಿ ಅವ್ವನ ಮುಂದೆ ಹೋಗಿ ಕೈಮುಗಿದ.

"ತಪ್ಪಾತ್ರಿ ಅವ್ವಾ. ಮಾಲ ಹೋಗ್ಲಿ ಅಂತ ಸುಳ್ಳ ಹೇಳಿದೆ. ಅದು ಮಠದ ಸೀಟ ಅಲ್ಲ, ಯಾವನೋ ಗುತ್ತಿಗೆದಾರನ ಗಾಡಿದು. ಮಠದ ಸೀಟ ನನ್ನ ಮನ್ಯಾಗ ಅದಾವ."

"ಏ, ನಿನ್ನೆ ನಂಬರ್..." ಎಂದು ನಾನು ಬಾಯಿ ತೆರೆದೆ. ಅವನು ಹಿಂದಕ್ಕೆ ಸರಿದು ನನ್ನ ಕಾಲನ್ನು ಬೂಟಿನಿಂದ ಒತ್ತಿ ತುಳಿದ. ಜೀವ ಹೋದಂತಾಯಿತು. ಇವತ್ತು ಇವನು ಹೇಳುತ್ತಿರುವುದೇ ಸುಳ್ಳು ಎಂದು ಆಗ ತಿಳಿಯಿತು ನನಗೆ, ಆಗಷ್ಟೇ.

ಅವ್ವ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. "ಸುಳ್ಳೇನು? ಹಂಗಾರ ನಡೀರಿ, ಲಗೂ ಗಾಡಿ ತಗೀ" ಎಂದಳು. ನನ್ನ ಹೆಂಡತಿಯಿಂದ ಹೂವು, ಪಂಚೆ ತೆಗೆಸಿದಳು, ಕೂತಳು. ಕೂಡುವಾಗ ಅವಳ ತುಟಿಗಳು ಅಲ್ಲಾಡುತ್ತಿದ್ದವು. ಗುಜರಿಯವನಿಗೆ ಚಹಾ ಕುಡಿದು ಹೋಗು ಎನ್ನುವ ವ್ಯವಧಾನವೂ ನಮಗಿರಲಿಲ್ಲ. ಅಫಜಲಪುರದ ರಸ್ತೆಯ ತಗ್ಗುದಿಣ್ಣೆಗಳಲ್ಲಿ ಸೀಟು ಒಂದಿಷ್ಟೂ ಅಲುಗಲಿಲ್ಲ. ಅವ್ವ ಒಮ್ಮೆಯೂ ನೋವೆನ್ನಲಿಲ್ಲ.

ಅತನೂರಿನಲ್ಲಿ ದೊಡ್ಡವ್ವನ ಸೊಸೆ ಹೊರಗೆ ಓಡಿಬಂದಳು. "ಈಗ ಬಂದ್ರೇನ್ರಿ! ನಿನ್ನಿ ಮಧ್ಯಾಹ್ನದ ತನಕಾ ಬಾಗಲಾ ನೋಡ್ಕೋತ ಕೇಳ್ತಿದ್ರು. ಸಂಜಿಯಿಂದ ಮಾತ ನಿಂತಾವ." ನಿನ್ನೆ ಮಧ್ಯಾಹ್ನ ನಾನು ಜೇವರ್ಗಿಯಲ್ಲಿ ನಂಬರ್ ಪ್ಲೇಟು ನೋಡುತ್ತಿದ್ದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಅವ್ವ ಮಂಚದ ಪಕ್ಕ ಎತ್ತರದ ಸ್ಟೂಲಿನ ಮೇಲೆ ಕೂತು ಅಕ್ಕನ ಕೈ ಹಿಡಿದಳು. "ಅಕ್ಕಾ, ಬಂದೀನಿ ನೋಡಬೇ." ದೊಡ್ಡವ್ವ ಕಣ್ಣು ತೆರೆದಳು. ಗುರುತು ಸಿಕ್ಕಿತು, ಅದು ನಮಗೆಲ್ಲ ಕಂಡಿತು. ತುಟಿಗಳು ಅಲ್ಲಾಡಿದವು, ಗಂಟಲಲ್ಲಿ ಗಾಳಿಯಷ್ಟೇ ಬಂತು. ಅವ್ವ, ಬಾಗಬಾರದು ಎಂದು ಡಾಕ್ಟರು ಹೇಳಿದ್ದನ್ನೂ ಮರೆತು, ಬಾಗಿ ಕಿವಿಯನ್ನು ಅವಳ ಬಾಯಿಗೆ ಹಚ್ಚಿದಳು. ಬಹಳ ಹೊತ್ತು ಹಾಗೇ ಇದ್ದಳು. ಆಮೇಲೆ ಅಕ್ಕನ ಮುಖಕ್ಕೆ ಮುಖವಿಟ್ಟು, ದೊಡ್ಡದಾಗಿ ತಲೆಯಾಡಿಸಿ, "ಹೂಂ, ತಿಳೀತಬೇ, ತಿಳೀತು" ಎಂದಳು. ದೊಡ್ಡವ್ವ ಕಣ್ಣು ಮುಚ್ಚಿದಳು. ಮುಖದ ಬಿಗುವು ಇಳಿಯಿತು. ಅದಾದ ನಾಲ್ಕನೆಯ ದಿನಕ್ಕೆ ತೀರಿಹೋದಳು.

ದೊಡ್ಡವ್ವನನ್ನು ಕಂಡ ದಿನವೇ ತಿರುಗಿ ಹೊರಟೆವು, ಅರ್ಧ ದಾರಿ ಕಳೆದಿತ್ತು. ಕೊನೆಗೆ ನಾನೇ ಕೇಳಿದೆ.

"ದೊಡ್ಡವ್ವ ಏನಂದಳು ಬೇ?"

"ಏನೂ ಅನಲಿಲ್ಲ. ಬರೇ ಉಸಿರ ಬಂತು."

"ಮತ್ತ ತಿಳೀತು ಅಂದಿ?"

ಅವಳು ಸೀಟಿನ ಅಂಚನ್ನು ಕೈಯಿಂದ ಸವರಿದಳು. "ಇದು ಅಪ್ಪಾವ್ರದ ಸೀಟ ಹೌದು. ನನಗ ಗೊತ್ತದ" ಎಂದಳು.

ಬ್ರೇಕಿನ ಮೇಲೆ ಕಾಲು ಹೋಯಿತು ನನಗೆ. "ಗೊತ್ತಿದ್ದೂ ಕುಂತಿ?"

"ನನ್ನ ಬಾಯಿಲೆ ನಾ ಹ್ಯಾಂಗ ಅಲ್ಲ ಅನ್ಲಿ? ಯಾರರೆ ಒಬ್ಬರು ಸುಳ್ಳ ಅಂದಿದ್ರ ಸಾಕಾಗಿತ್ತು. ಎರಡ ದಿನ ನಿನ್ನ ಮಾರೀನ ನೋಡ್ಕೋತ ಕುಂತಿದ್ದೆ. ಈಗ ಹೇಳ್ತಾನ, ಈಗ ಹೇಳ್ತಾನ ಅಂತ." ಸೆರಗಿನಿಂದ ಮೂಗು ಒರೆಸಿಕೊಂಡಳು. "ಆ ಗುಜರಿಯವಗ ನಾ ಯಾರು? ಬಳಗಲ್ಲ, ಗುರ್ತಲ್ಲ. ಅಂವಾ ಹೇಳಿದ. ನೀ ಹೇಳಲಿಲ್ಲ."